ಬಂದು ಹೋಗುವ ಎಂಜಿನ್ ಲೈಟು

ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಗ್ಯಾರೇಜುಗಳಿಗೆ ಬರುವ ದೂರುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಗಾಡಿ ಗ್ಯಾರೇಜಿನ ಬಾಗಿಲಿಗೆ ಬರುವ ಹೊತ್ತಿಗೆ ಮಾಯವಾಗಿರುವ ದೂರು. ಮನೆಮಂದಿ ಓಡಾಡುವ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟು ಹತ್ತುತ್ತದೆ, ಎರಡು ಮೂರು ದಿನ ಉರಿಯುತ್ತದೆ, ತಾನಾಗಿ ಆರುತ್ತದೆ, ವಾರ ಕಳೆದು ಮತ್ತೆ ಹತ್ತುತ್ತದೆ. ಗಾಡಿ ಮಾತ್ರ ಎಂದಿನಂತೆ ಓಡುತ್ತಿರುತ್ತದೆ. ಮಾಲೀಕರು ಲೈಟೇ ಸರಿಯಿಲ್ಲವೆಂದುಕೊಳ್ಳುತ್ತಾರೆ. ಎಷ್ಟೋ ಮೆಕ್ಯಾನಿಕ್‌ಗಳು ಯಾವುದೋ ಸೆನ್ಸರ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಈ ಬರುವಿಕೆ ಹೋಗುವಿಕೆಗಳಿಗೆ ಒಂದು ಲೆಕ್ಕವಿದೆ, ಆ ಲೆಕ್ಕವನ್ನು ಬರೆದದ್ದು ಗಾಡಿಯ ಕಂಪನಿಯಲ್ಲ, ಗಾಳಿಯನ್ನು ಕಾಯಲು ಹೊರಟ ಕಾನೂನು ಎಂಬುದು ಈ ಲೇಖನದ ವಾದ. ಆ ಕಾನೂನಿನ ಚರಿತ್ರೆಯನ್ನೂ, ನಮ್ಮ ಹೆದ್ದಾರಿ ಬದಿಯ ಮೆಕ್ಯಾನಿಕ್ ಕಸುಬಿನ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಈ ಲೈಟಿನ ಕಾಯಿಲೆ ಹಿಡಿಯುವ ಕೆಲಸ ಕುರುಡು ಕೆಲಸವಾಗುತ್ತದೆ. ಆಗೊಮ್ಮೆ ಈಗೊಮ್ಮೆ ಕಾಣಿಸುವ ದೋಷಕ್ಕೆ ಸಾಕ್ಷಿ ಎಲ್ಲಿರುತ್ತದೆ, ಅದನ್ನು ಓದುವ ಹಕ್ಕು ಯಾರ ಕೈಯಲ್ಲಿರುತ್ತದೆ ಎನ್ನುವುದೇ ಈ ಕಸುಬಿನಲ್ಲಿ ಕಾಲಕಾಲಕ್ಕೆ ಬದಲಾಗುತ್ತ ಬಂದ ಸಂಗತಿ.

1986ರ ಆಗಸ್ಟ್ 15ರಂದು ಹಳೆಯ ಬೆಂಗಳೂರು ಜಿಲ್ಲೆಯನ್ನು ಒಡೆದು ಈ ಊರುಗಳಿರುವ ಗ್ರಾಮಾಂತರ ಜಿಲ್ಲೆಯನ್ನು ಮಾಡಿದಾಗ, ಅದು ಹೆದ್ದಾರಿಗಳ ಜಿಲ್ಲೆಯೇ ಆಗಿತ್ತು. ಪುಣೆಯ ಕಡೆಯಿಂದ ಚೆನ್ನೈಗೆ ಹೋಗುವ ಅಂದಿನ ರಾಷ್ಟ್ರೀಯ ಹೆದ್ದಾರಿ 4 ಪಶ್ಚಿಮದಲ್ಲಿ ನೆಲಮಂಗಲವನ್ನೂ ಪೂರ್ವದಲ್ಲಿ ಹೊಸಕೋಟೆಯನ್ನೂ ಹಾದುಹೋಗುತ್ತಿತ್ತು. ಮಂಗಳೂರಿನ ದಾರಿ ನೆಲಮಂಗಲದಲ್ಲೇ ಕವಲೊಡೆಯುತ್ತಿತ್ತು. ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿ 7 ದೇವನಹಳ್ಳಿಯ ಮೂಲಕ ಹೊರಡುತ್ತಿತ್ತು. ಲಾರಿ ನಿಲ್ಲುವ ಕಡೆ ಪಂಕ್ಚರ್ ಅಂಗಡಿ, ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ವೆಲ್ಡಿಂಗು, ಲೇತು, ಆಟೋ ಎಲೆಕ್ಟ್ರಿಷಿಯನ್, ಪಂಪು-ನಾಜಲ್ ಕೆಲಸದವರು ಸೇರಿಕೊಳ್ಳುವುದು ಸಹಜ. ಈ ಪಂಪು-ನಾಜಲ್ ವಿದ್ಯೆಗೆ ಬೆಂಗಳೂರಿನಲ್ಲೇ ತವರು ಇತ್ತು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ, ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನದಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. 2008ರಲ್ಲಿ ಅದರ ಹೆಸರೇ ಬಾಷ್ ಲಿಮಿಟೆಡ್ ಆಯಿತು. ಅಂಬಾಸಿಡರ್, ಫಿಯಟ್, ಮ್ಯಾಟಡೋರ್, ಜೀಪುಗಳ ಆ ಕಾಲದಲ್ಲಿ ಎಚ್ಚರಿಕೆಯ ಲೈಟು ಎಂದರೆ ಮುಖ್ಯವಾಗಿ ಎರಡು: ಆಯಿಲ್ ಲೈಟು ಮತ್ತು ಬ್ಯಾಟರಿ ಚಾರ್ಜಿಂಗ್ ಲೈಟು. ಆಯಿಲ್ ಲೈಟಿನ ಹಿಂದೆ ಇದ್ದದ್ದು ಒಂದು ಒತ್ತಡದ ಸ್ವಿಚ್ಚು, ಒಂದು ತಂತಿ, ಒಂದು ಬಲ್ಬು. ಒತ್ತಡ ಬಿದ್ದರೆ ಹತ್ತುತ್ತಿತ್ತು, ಏರಿದರೆ ಆರುತ್ತಿತ್ತು. ಅದು ಮಿನುಗಿದರೂ ಅರ್ಥ ಒಂದೇ: ಐಡ್ಲಿಂಗಿನಲ್ಲಿ ಆಯಿಲ್ ಒತ್ತಡ ಸಾಲುತ್ತಿಲ್ಲ, ಇಲ್ಲವೇ ಸ್ವಿಚ್ಚು ಕೆಟ್ಟಿದೆ. ಆ ಲೈಟಿಗೆ ನೆನಪು ಇರಲಿಲ್ಲ, ನಿರ್ಧಾರ ಮಾಡುವ ಶಕ್ತಿಯೂ ಇರಲಿಲ್ಲ.

ಹಾಗಾದರೆ ಆಗ ಬಂದು ಹೋಗುವ ದೋಷಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಡಿಸ್ಟ್ರಿಬ್ಯೂಟರಿನೊಳಗಿನ ಕಂಡೆನ್ಸರ್ ಬಿಸಿಯಾದಾಗ ಮಾತ್ರ ಕೈಕೊಡುತ್ತಿತ್ತು. ಇಗ್ನಿಷನ್ ಕಾಯಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಸತ್ತು, ಅರ್ಧ ಗಂಟೆ ನಿಲ್ಲಿಸಿದರೆ ಬದುಕುತ್ತಿತ್ತು. ಟ್ಯಾಂಕಿನ ತಳದ ಕಸ ಏರಿನಲ್ಲಿ ಪೈಪಿನ ಬಾಯಿಗೆ ಬಂದು ಕೂತು, ಇಳಿಜಾರಿನಲ್ಲಿ ಸರಿಯುತ್ತಿತ್ತು. ಇವುಗಳಿಗೆಲ್ಲ ಗಾಡಿಯಲ್ಲಿ ಯಾವ ದಾಖಲೆಯೂ ಇರಲಿಲ್ಲ; ಸಾಕ್ಷಿ ಇದ್ದದ್ದು ಓಡಿಸಿದವನ ನೆನಪಿನಲ್ಲಿ. ಅದಕ್ಕೇ ಒಳ್ಳೆಯ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ವಿಚಾರಣೆ ನಡೆಸಬೇಕಾಗಿತ್ತು: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಸಮದಲ್ಲೋ, ಮಳೆಯಲ್ಲೋ ಒಣದಲ್ಲೋ, ಟ್ಯಾಂಕ್ ತುಂಬಿಸಿದ ಮೇಲೋ ಖಾಲಿಯಾಗುತ್ತ ಬಂದಾಗಲೋ? ಆಮೇಲೆ ಪರೀಕ್ಷೆ. ಡೀಸೆಲ್ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಓಡುತ್ತಿರುವಾಗಲೇ ಒಂದೊಂದು ನಾಜಲ್ಲಿನ ಪೈಪ್ ನಟ್ಟನ್ನು ಸಡಿಲಿಸುತ್ತಿದ್ದರು. ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಬದಲಾಗದಿದ್ದರೆ ಕಳ್ಳ ಅಲ್ಲಿದ್ದಾನೆ. ಪೆಟ್ರೋಲ್ ಗಾಡಿಯಲ್ಲಿ ಅದೇ ಕೆಲಸವನ್ನು ಪ್ಲಗ್ಗಿನ ವೈರು ಕಿತ್ತು ಮಾಡುತ್ತಿದ್ದರು. ಇದನ್ನು ಬರಿಯ ಕೈಚಳಕ ಎಂದು ಕರೆಯುವುದು ಅನ್ಯಾಯ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ಫಲ ನೋಡುವ, ತರ್ಕಬದ್ಧವಾದ ಪ್ರಯೋಗ ಅದು.

ಹಳದಿ ಲೈಟು ಹುಟ್ಟಿದ್ದು ಈ ಲೋಕದಿಂದ ಬಹಳ ದೂರದಲ್ಲಿ. ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ಕಾರುಗಳ ಹೊಗೆ ಬಿಸಿಲಿನಲ್ಲಿ ಮಾರ್ಪಟ್ಟು ಓಝೋನ್ ಆಗುವುದೇ ಕಾರಣವೆಂದು 1950ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. 1967ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾಯಿತು. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಲು ಗಾಳಿ-ಪೆಟ್ರೋಲಿನ ಮಿಶ್ರಣ ಕರಾರುವಾಕ್ಕಾಗಿರಬೇಕು. ಅದನ್ನು ಅಳೆಯಲು ಬಾಷ್ ರೂಪಿಸಿದ ಆಮ್ಲಜನಕ ಸೆನ್ಸರ್ 1976ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಅಳತೆ ಮಾಡುವ ಸೆನ್ಸರ್ ಇದ್ದಮೇಲೆ ಲೆಕ್ಕ ಹಾಕುವ ಕಂಪ್ಯೂಟರ್ ಬೇಕು. ಕಂಪ್ಯೂಟರ್ ಬಂದಮೇಲೆ ಅದು ತನ್ನ ಸೆನ್ಸರುಗಳ ತಪ್ಪನ್ನು ತಾನೇ ಗುರುತಿಸಿ ಹೇಳಬಹುದು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಆ ಲೈಟು ಕಾಣಿಸಿಕೊಂಡಿತು. ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿನಲ್ಲಿ ಎರಡು ಪಿನ್ನುಗಳನ್ನು ತಂತಿಯ ತುಂಡಿನಿಂದ ಜೋಡಿಸಿದರೆ ಲೈಟೇ ಮಿನುಗಿ ಕೋಡ್ ಹೇಳುತ್ತಿತ್ತು. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಈ ಸ್ವಯಂ ತಪಾಸಣೆಯನ್ನು ಕಡ್ಡಾಯ ಮಾಡಿತು. 1996ರಿಂದ ಇಡೀ ಅಮೆರಿಕಕ್ಕೆ ಒಂದೇ ಬಗೆಯ 16 ಪಿನ್ನಿನ ಸಾಕೆಟ್, ಒಂದೇ ಬಗೆಯ ಕೋಡುಗಳು ಬಂದವು. ಯುರೋಪ್ 2001ರಲ್ಲಿ ಪೆಟ್ರೋಲ್ ಕಾರುಗಳಿಗೆ ತನ್ನ ಆವೃತ್ತಿಯನ್ನು ತಂದಿತು. ಗಾಡಿಯ ಮಾಲೀಕನಿಗೆ ಅನುಕೂಲವಾಗಲೆಂದು ಈ ಲೈಟು ಹುಟ್ಟಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದು ಕೇಳುವ ಪ್ರಶ್ನೆ ಒಂದೇ: ಈ ದೋಷದಿಂದ ಹೊಗೆ ಮಿತಿ ಮೀರುತ್ತದೆಯೇ?

ಭಾರತಕ್ಕೂ ಲೈಟು ಬಂದದ್ದು ಹೊಗೆಯ ದಾರಿಯಲ್ಲೇ. ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ ದೆಹಲಿ ವಾಹನ ಮಾಲಿನ್ಯದ ಮೊಕದ್ದಮೆ, 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ, 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್: ಹೀಗೆ ಹೆಜ್ಜೆ ಹೆಜ್ಜೆಯಾಗಿ ಕಾರ್ಬ್ಯುರೇಟರಿನ ದಿನಗಳು ಮುಗಿಯುತ್ತ ಬಂದವು. 1998ರಲ್ಲಿ ಬಂದ ಸ್ಯಾಂಟ್ರೊ ಮೊದಲಿನಿಂದಲೇ ಫ್ಯುಯೆಲ್ ಇಂಜೆಕ್ಷನ್ನಿನ ಕಾರು. ಹಳ್ಳಿಹಳ್ಳಿಯಲ್ಲೂ ಕಾಣುತ್ತಿದ್ದ ಮಾರುತಿ 800 ಕೂಡ 2000ದ ಸುಮಾರಿಗೆ ಅದೇ ದಾರಿ ಹಿಡಿಯಿತು. ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳಲ್ಲಿ 2010ರ ಏಪ್ರಿಲ್ 1ರಂದು 13 ನಗರಗಳಿಗೆ ಬಿಎಸ್ 4, ಅದೇ ವರ್ಷ ಉಳಿದ ದೇಶಕ್ಕೆ ಬಿಎಸ್ 3 ಎಂದಾಯಿತು. ಆ 13ರಲ್ಲಿ ಬೆಂಗಳೂರೂ ಒಂದು. ಬಿಎಸ್ 4ರ ಕಾರುಗಳಿಗೆ 2010ರಿಂದ ಮೊದಲ ಹಂತದ ಸ್ವಯಂ ತಪಾಸಣೆ, 2013ರಿಂದ ಎರಡನೇ ಹಂತದ್ದು ಕಡ್ಡಾಯ. ಇಡೀ ದೇಶ ಬಿಎಸ್ 4ಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6ಕ್ಕೆ 2020ರ ಏಪ್ರಿಲ್‌ನಲ್ಲಿ. ನಡುವಿನ ಏಳು ವರ್ಷ ನಗರಕ್ಕೊಂದು ನಿಯಮ, ನಗರದಾಚೆಗೆ ಇನ್ನೊಂದು ನಿಯಮ ಇದ್ದವು. ನಗರದ ಅಂಚಿನಲ್ಲೇ ಇದ್ದ ನಮ್ಮ ನಾಲ್ಕು ತಾಲ್ಲೂಕುಗಳ ಗ್ಯಾರೇಜುಗಳಿಗೆ ಇದರ ಬಿಸಿ ನೇರವಾಗಿ ತಟ್ಟಿತು. ಅಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲಿ ಒಂದಕ್ಕೆ ಕಾನೂನು ಕಡ್ಡಾಯಗೊಳಿಸಿದ ನೆನಪಿನ ಪೆಟ್ಟಿಗೆ ಇರುತ್ತಿತ್ತು, ಇನ್ನೊಂದಕ್ಕೆ ಆ ಕಡ್ಡಾಯವೇ ಇರಲಿಲ್ಲ. ಕಸುಬಿನಲ್ಲಿ ಒಂದೇ ಪದ್ಧತಿ ನೆಲೆಗೊಳ್ಳಲು ತಡವಾದದ್ದಕ್ಕೆ ಮೆಕ್ಯಾನಿಕ್‌ಗಳ ಓದು ಕಡಿಮೆ ಎಂಬ ಕಾರಣವನ್ನೇ ಹೇಳುವವರು ಈ ಇಬ್ಬಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಿಲ್ಲೆಯ ಒಳಗೇ ಈ ಬದಲಾವಣೆಯ ಎರಡು ಗಟ್ಟಿ ಗುರುತುಗಳಿವೆ. ಮೊದಲನೆಯದು ಹೊಸಕೋಟೆ. 1998ರಲ್ಲಿ ವೋಲ್ವೊ ತನ್ನ ಟ್ರಕ್ ಕಾರ್ಖಾನೆಯನ್ನು ಅಲ್ಲಿ ತೆರೆದು ಎಫ್‌ಎಚ್12 ಟ್ರಕ್ಕುಗಳನ್ನು ಜೋಡಿಸತೊಡಗಿತು. 1993ರಲ್ಲಿ ಯುರೋಪಿನಲ್ಲಿ ಬಂದ ಆ ಟ್ರಕ್ಕಿನ ಎಂಜಿನ್ನಿಗೆ ಡೀಸೆಲ್ ಎಷ್ಟು, ಯಾವಾಗ ಸಿಡಿಯಬೇಕೆಂಬುದನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನಿರ್ಧರಿಸುತ್ತಿತ್ತು. ಕಾರ್ಖಾನೆಯ ಗೇಟಿನ ಹೊರಗೆ ಅದೇ ಹೆದ್ದಾರಿಯಲ್ಲಿ ಯಾಂತ್ರಿಕ ಪಂಪಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಎರಡನೆಯದು ಬಿಡದಿ. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬಿಡದಿ ಬೆಂಗಳೂರು ಗ್ರಾಮಾಂತರದ್ದೇ. 2000ದ ಜನವರಿಯಲ್ಲಿ ಅಲ್ಲಿಂದ ಹೊರಬಂದ ಟೊಯೊಟ ಕ್ವಾಲಿಸ್ ಹಳೆಯ ವಿದ್ಯೆಗೆ ಒಗ್ಗುವ ಡೀಸೆಲ್ ಗಾಡಿ; 2005ರಲ್ಲಿ ಅದೇ ಕಾರ್ಖಾನೆಯಿಂದ ಬಂದ ಇನೋವಾ ಕಾಮನ್ ರೈಲ್ ಎಂಜಿನ್ನಿನದು. ದೊಡ್ಡ ಕುಟುಂಬಕ್ಕೂ ಬಾಡಿಗೆಗೂ ಒಂದೇ ಗಾಡಿ ಬೇಕಾದವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ದಾರಿಯಲ್ಲಿ ಬಾಡಿಗೆ ಇನೋವಾಗಳ ಓಡಾಟ ಹೆಚ್ಚಿತು. ಕ್ವಾಲಿಸಿನಲ್ಲಿ ಕಲಿತ ಕೈಗೆ ಇನೋವಾ ಅಪಾಯಕಾರಿ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುತ್ತದೆ. ಎಂಜಿನ್ ಓಡುತ್ತಿರುವಾಗ ಹಳೆಯ ಅಭ್ಯಾಸದಂತೆ ನಾಜಲ್ ಪೈಪಿನ ನಟ್ಟು ಸಡಿಲಿಸಿದರೆ ಚಿಮ್ಮುವ ಎಳೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ ಸಂಪರ್ಕ ಕಿತ್ತು ನೋಡಿದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕಂಪ್ಯೂಟರಿನ ತಂತಿಗೆ ಚುಚ್ಚಿದರೆ ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು. ಹೊಸ ಗಾಡಿ ಹಳೆಯ ಪ್ರಯೋಗಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನಿಷೇಧಿಸಿತು.

ಪ್ರಯೋಗಗಳನ್ನು ಕಿತ್ತುಕೊಂಡದ್ದಕ್ಕೆ ಬದಲಾಗಿ ಅದು ಕೊಟ್ಟದ್ದು ದಾಖಲೆ. ಆ ದಾಖಲೆಯ ನಿಯಮ ಗೊತ್ತಿದ್ದರೆ ಲೈಟಿನ ಬಂದು ಹೋಗುವಿಕೆ ಅರ್ಥವಾಗುತ್ತದೆ. ಬಹುಪಾಲು ದೋಷಗಳಿಗೆ ಕಂಪ್ಯೂಟರ್ ಒಂದೇ ಓಟವನ್ನು, ಅಂದರೆ ಎಂಜಿನ್ ಸ್ಟಾರ್ಟ್ ಮಾಡಿ ಆರಿಸುವವರೆಗಿನ ಒಂದು ಸುತ್ತನ್ನು, ನಂಬುವುದಿಲ್ಲ. ಮೊದಲ ಸಲ ಕಂಡದ್ದನ್ನು ಬಾಕಿ ಕೋಡಾಗಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಟದಲ್ಲೂ ಅದೇ ಕಂಡರೆ ಲೈಟು ಹತ್ತಿಸುತ್ತದೆ. ಹತ್ತಿದ ಮೇಲೆ ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ಆರಿಸುತ್ತದೆ. ಲೈಟು ಆರಿದರೂ ಕೋಡ್ ಉಳಿಯುತ್ತದೆ, ದೋಷ ಮರುಕಳಿಸದೆ ಎಂಜಿನ್ 40 ಸಲ ಬಿಸಿಯಾಗುವವರೆಗೆ. ಬಿಸಿಯಾಗುವುದು ಎಂಬುದಕ್ಕೂ ವ್ಯಾಖ್ಯೆ ಇದೆ: ರೇಡಿಯೇಟರ್ ನೀರಿನ ತಾಪ ಕನಿಷ್ಠ 22 ಡಿಗ್ರಿ ಏರಿ 70 ಡಿಗ್ರಿ ಮುಟ್ಟಬೇಕು. ಈಗ ದೊಡ್ಡಬಳ್ಳಾಪುರದ ಒಂದು ಮನೆಯ ಕಾರನ್ನು ಊಹಿಸಿಕೊಳ್ಳಿ. ವಾರವಿಡೀ ಶಾಲೆಗೂ ಮಾರುಕಟ್ಟೆಗೂ ಹೋಗಿಬರುವ ಅದು ಭಾನುವಾರ ಮಾತ್ರ ತುಂಬಿದ ಸಂಸಾರದೊಂದಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುತ್ತದೆ. ಭಾರ ಹೊತ್ತು ಏರುವಾಗ ಮಾತ್ರ ತೋರುವ ದೋಷ ಹೋಗುವಾಗ ಬಾಕಿ ಕೋಡಾಗುತ್ತದೆ, ಬರುವಾಗ ಮರುಕಳಿಸಿದರೆ ಲೈಟು ಹತ್ತುತ್ತದೆ, ಸೋಮವಾರ ಮಂಗಳವಾರದ ಊರೊಳಗಿನ ಓಟಗಳಲ್ಲಿ ಆರುತ್ತದೆ. ಬುಧವಾರ ಗ್ಯಾರೇಜಿಗೆ ಹೋದರೆ ಏನೂ ಕಾಣುವುದಿಲ್ಲ. ಲೈಟು ಸುಳ್ಳು ಹೇಳಲಿಲ್ಲ, ತನಗೆ ವಿಧಿಸಿದ ತಾಳ್ಮೆಯ ನಿಯಮವನ್ನು ಪಾಲಿಸಿತು. ಒಂದು ಕ್ಷಣದ ಏರುಪೇರಿಗೆಲ್ಲ ಜನರನ್ನು ಗ್ಯಾರೇಜಿಗೆ ಓಡಿಸಬಾರದು, ನಿಜವಾದ ದೋಷ ತಪ್ಪಿಸಿಕೊಳ್ಳಲೂ ಬಾರದು ಎಂಬ ಎರಡು ಚಿಂತೆಗಳ ನಡುವೆ ಕಾನೂನು ಕಂಡುಕೊಂಡ ರಾಜಿ ಅದು.

ಕೋಡಿನ ಜೊತೆಗೆ ಇನ್ನೊಂದು ದಾಖಲೆ ಇರುತ್ತದೆ: ದೋಷ ಕಂಡ ಕ್ಷಣದ ಚಿತ್ರ. ಆಗ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಭಾರ ಹೊತ್ತಿತ್ತು, ನೀರು ಎಷ್ಟು ಬಿಸಿ, ಗಾಡಿಯ ವೇಗವೆಷ್ಟು ಎಂಬ ಅಂಕಿಗಳು ಅದರಲ್ಲಿವೆ. ಹಳೆಯ ಮೇಸ್ತ್ರಿಯ ವಿಚಾರಣೆಯ ಪ್ರಶ್ನೆಗಳು ಬಹುಪಾಲು ಇವೇ. ಉತ್ತರ ಹೇಳುವವರು ಮಾತ್ರ ಬದಲಾದರು. ಪಿ0171 ಎಂಬ ಕೋಡನ್ನು ತೆಗೆದುಕೊಳ್ಳೋಣ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದಷ್ಟೇ ಅದರ ಅರ್ಥ. ಚಿತ್ರದಲ್ಲಿ ಎಂಜಿನ್ ಐಡ್ಲಿಂಗಿನಲ್ಲಿದ್ದರೆ ಇನ್‌ಟೇಕಿನ ಯಾವುದೋ ಹೋಸ್ ಸೀಳಿ ಗಾಳಿ ನುಗ್ಗುತ್ತಿದೆ ಎಂಬ ಶಂಕೆ ಬಲವಾಗುತ್ತದೆ, ಏಕೆಂದರೆ ಒಳಗೆಳೆಯುವ ಗಾಳಿಯೇ ಕಡಿಮೆಯಿರುವಾಗ ಸೋರುವ ಗಾಳಿಯ ಪಾಲು ದೊಡ್ಡದು. 3000 ಸುತ್ತಿನಲ್ಲಿ ಭಾರ ಎಳೆಯುವಾಗ ಬಂದಿದ್ದರೆ ದುರ್ಬಲ ಪಂಪು ಅಥವಾ ಕಟ್ಟಿಕೊಂಡ ಫಿಲ್ಟರಿನ ಕಡೆ ನೋಡಬೇಕು. ಬಿಸಿಯಾದಾಗ ಎಂಜಿನ್ ನಿಂತು, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರನ್ನು ಬಿಸಿ ಇರುವಾಗಲೇ ಅಳೆಯಬೇಕು; ತಣ್ಣಗಿರುವಾಗ ಅದು ಸರಿಯಾಗೇ ತೋರುತ್ತದೆ. ನಮ್ಮ ಕಡೆಯ ಕಾರಣಗಳೂ ಇವೆ. ರಾಗಿ ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಿದ ಕಾರಿನ ವೈರನ್ನು ಇಲಿ ಅರ್ಧ ಕಡಿದು ಬಿಟ್ಟರೆ ಗಾಡಿ ಕುಲುಕಿದಾಗ ಮಾತ್ರ ಸಂಪರ್ಕ ತಪ್ಪುತ್ತದೆ. ವಾಟರ್ ವಾಶ್‌ನಲ್ಲಿ ಒತ್ತಡದ ನೀರು ಕನೆಕ್ಟರಿನೊಳಗೆ ಹೋಗಿ ಕೆಲವು ದಿನಗಳ ಮೇಲೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸೋತ ಬ್ಯಾಟರಿ ಸ್ಟಾರ್ಟಿಂಗಿನಲ್ಲಿ ವೋಲ್ಟೇಜ್ ಕುಸಿದಾಗ ಸಂಬಂಧವಿಲ್ಲದ ನಾಲ್ಕೈದು ಕೋಡುಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಮಾಡಿ ಎಂಬ ಅಮೆರಿಕದ ಜನಪ್ರಿಯ ಸಲಹೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಕಾನೂನು ಟ್ಯಾಂಕಿನ ಆವಿ ಸೋರಿಕೆಯನ್ನೂ ಪರೀಕ್ಷಿಸಲು ಹೇಳುತ್ತದೆ. ನಾವು ಅನುಸರಿಸಿದ್ದು ಯುರೋಪಿನ ಮಾದರಿಯನ್ನು, ಅದರಲ್ಲಿ ಆವಿಯ ಕವಾಟದ ವಿದ್ಯುತ್ ಸಂಪರ್ಕವನ್ನು ನೋಡಿದರೆ ಸಾಕು.

ಇದಕ್ಕೆಲ್ಲ ಮೊದಲ ಆಕ್ಷೇಪ ಹಳಬರದು: ಕಿವಿಯಿಟ್ಟು ಕೇಳಿ ಹೇಳುತ್ತಿದ್ದ ವಿದ್ಯೆಯನ್ನು ಸ್ಕ್ಯಾನರ್ ಕೊಂದುಹಾಕಿತು. ಈ ಮಾತಿನಲ್ಲಿ ನಿಜವಾದ ನಷ್ಟದ ನೋವಿದೆ, ಅದನ್ನು ಗೌರವಿಸಬೇಕು. ಟಪೆಟ್ ಸದ್ದು, ಬೇರಿಂಗಿನ ಸದ್ದು, ಬೆಲ್ಟಿನ ಕೀರಲು ಇವತ್ತಿಗೂ ಕಿವಿಯದ್ದೇ ಕ್ಷೇತ್ರ. ಆದರೆ ಆಮ್ಲಜನಕ ಸೆನ್ಸರಿನ ಸಂಕೇತ 0.1ರಿಂದ 0.9 ವೋಲ್ಟಿನ ನಡುವೆ ಓಲಾಡಬೇಕಾದದ್ದು ಓಲಾಡದೆ ನಿಂತರೆ ಯಾವ ಕಿವಿಗೂ ಕೇಳದು. ಅದಕ್ಕಿಂತ ಮುಖ್ಯವಾಗಿ, ಹಳೆಯ ವಿದ್ಯೆಯನ್ನು ಕಿವಿಗೆ ಇಳಿಸಿ ಮಾತಾಡಿದರೆ ಅದರ ದೊಡ್ಡ ಭಾಗವನ್ನೇ ಮರೆತಂತೆ. ಅದರ ಬಲ ಇದ್ದದ್ದು ಪ್ರಶ್ನೆ ಕೇಳುವುದರಲ್ಲಿ, ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಹೋಗುವುದರಲ್ಲಿ. ಆ ಭಾಗ ಇಂದಿಗೂ ಅಷ್ಟೇ ಬೇಕು. ಸ್ಕ್ಯಾನರಿನ ಚಿತ್ರ ವೇಗವನ್ನು ಹೇಳುತ್ತದೆ, ಹಿಂದಿನ ದಿನ ಗಾಡಿ ತೊಳೆಸಿದ್ದನ್ನು ಹೇಳುವುದಿಲ್ಲ. ನೀರಿನ ತಾಪ ಹೇಳುತ್ತದೆ, ಎರಡು ದಿನದ ಕೆಳಗೆ ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದನ್ನು ಹೇಳುವುದಿಲ್ಲ.

ಎರಡನೆಯ ಆಕ್ಷೇಪ ಹೊಸಬರದು: ಯಂತ್ರವೇ ಹೇಳುವಾಗ ವಿಚಾರಣೆ ಏಕೆ? ಕೋಡ್ ನೋಡಿ ಸೆನ್ಸರ್ ಬದಲಿಸಿದರಾಯಿತು, ಲೈಟು ಬಂದರೆ ಮತ್ತೆ ಡಿಲೀಟ್ ಮಾಡಿದರಾಯಿತು. ಬಂದು ಹೋಗುವ ದೋಷದ ಮಟ್ಟಿಗೆ ಇದಕ್ಕಿಂತ ಹಾನಿಕರವಾದ ಅಭ್ಯಾಸ ಬೇರೆ ಇಲ್ಲ. ಕೋಡ್ ಎಂಬುದು ಜ್ವರದ ಅಂಕಿ, ರೋಗದ ಹೆಸರಲ್ಲ. ಮಿಶ್ರಣ ಸರಿಯಿಲ್ಲ ಎಂದು ಸೆನ್ಸರ್ ಹೇಳಿದರೆ ಅನೇಕ ಸಲ ಸೆನ್ಸರ್ ಸರಿಯಿದೆ ಎಂದೇ ಅರ್ಥ, ಅದು ಕಂಡದ್ದನ್ನು ಹೇಳಿದೆ ಅಷ್ಟೇ. ಅದನ್ನೇ ಕಿತ್ತು ಸಾವಿರಾರು ರೂಪಾಯಿಯ ಹೊಸದನ್ನು ಹಾಕಿದರೆ ಹೊಸದೂ ಅದನ್ನೇ ಹೇಳುತ್ತದೆ. ಡಿಲೀಟ್ ಮಾಡುವುದು ಇನ್ನೂ ಕೆಟ್ಟದ್ದು. ಕೋಡಿನೊಂದಿಗೆ ಆ ಕ್ಷಣದ ಚಿತ್ರವೂ ಬಾಕಿ ಕೋಡುಗಳೂ ಅಳಿಸಿಹೋಗುತ್ತವೆ, ಪರೀಕ್ಷೆಗಳೆಲ್ಲ ಮೊದಲಿಂದ ಶುರುವಾಗಬೇಕು, ಮತ್ತೆ ಎರಡು ಓಟಗಳ ಕಾಯುವಿಕೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವ ಹಳೆಯ ರೂಢಿಯೂ ಹಲವು ಗಾಡಿಗಳಲ್ಲಿ ಇದನ್ನೇ ಮಾಡುತ್ತದೆ. ಲೈಟು ಆರಿದ್ದನ್ನು ಕಂಡ ಗಿರಾಕಿ ಸಮಾಧಾನದಿಂದ ಹಣ ಕೊಟ್ಟು ಹೋಗುತ್ತಾನೆ, ಆದರೆ ಕಳ್ಳನನ್ನು ಹಿಡಿಯಲು ಇದ್ದ ಒಂದೇ ಸಾಕ್ಷಿ ಅಷ್ಟರಲ್ಲಿ ನಾಶವಾಗಿರುತ್ತದೆ. ಬಂದು ಹೋಗುವ ಲೈಟಿನ ಗಾಡಿಯಲ್ಲಿ ಮಾಡಬೇಕಾದ ಮೊದಲ ಕೆಲಸ, ಏನನ್ನೂ ಮುಟ್ಟುವ ಮೊದಲು ದಾಖಲೆಯನ್ನು ಓದಿ ಬರೆದಿಟ್ಟುಕೊಳ್ಳುವುದು. ಎರಡನೆಯ ಕೆಲಸ ಆ ಅಂಕಿಗಳು ಹೇಳುವ ಸ್ಥಿತಿಯಲ್ಲೇ ಗಾಡಿಯನ್ನು ಓಡಿಸಿ ನೋಡುವುದು. ಅರ್ತಿಂಗ್, ಕನೆಕ್ಟರ್, ವೈರು ಅಲುಗಾಡಿಸಿ ನೋಡುವ ಪರೀಕ್ಷೆಗಳು ಮುಗಿದ ಮೇಲಷ್ಟೇ ಬಿಡಿಭಾಗದ ಮಾತು.

ಲೈಟು ಹೊಗೆಗೆ ಸಂಬಂಧಿಸಿದ್ದಾದರೆ, ಗಾಡಿ ಓಡುತ್ತಿದ್ದರೆ, ಎಮಿಷನ್ ಟೆಸ್ಟಿನಲ್ಲಿ ಪಾಸಾದರೆ, ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಎಮಿಷನ್ ಟೆಸ್ಟು ಸೈಲೆನ್ಸರ್ ಕೊಳವೆಯ ತುದಿಯಲ್ಲಿ, ನಿಂತ ಗಾಡಿಯಲ್ಲಿ, ಕೆಲವು ನಿಮಿಷ ನಡೆಯುವ ಅಳತೆ. ಭಾನುವಾರದ ಏರಿನಲ್ಲಿ ಮಾತ್ರ ತೋರುವ ದೋಷ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಹೊಗೆಯ ದೋಷ ಹೊಗೆಯಲ್ಲೇ ನಿಲ್ಲುವುದಿಲ್ಲ. ಲೈಟು ಸ್ಥಿರವಾಗಿ ಉರಿಯದೆ ಪಕಪಕನೆ ಮಿನುಗಿದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುವಷ್ಟು ಮಿಸ್ಸಿಂಗ್ ಇದೆ ಎಂದು ಅರ್ಥ. ಆಗ ವೇಗ ತಗ್ಗಿಸಿ, ಆದಷ್ಟು ಬೇಗ ಗಾಡಿ ನಿಲ್ಲಿಸಬೇಕು. ಕೆಲವು ನೂರು ರೂಪಾಯಿಯ ಪ್ಲಗ್ಗಿನ ದೋಷ ಹತ್ತಾರು ಸಾವಿರದ ಕನ್ವರ್ಟರನ್ನು ಕರಗಿಸುವುದು ಹೀಗೆ. ನಗರದ ಹೊಗೆ, ಹೆದ್ದಾರಿಯ ಹೊಗೆ, ಕಲ್ಲುಕ್ವಾರಿಗಳ ಧೂಳು ಮೂರನ್ನೂ ಉಸಿರಾಡುವ ಈ ಜಿಲ್ಲೆಯ ಜನರಿಗೆ ಗಾಳಿಯ ಲೆಕ್ಕ ಬೇರೆಯವರದು ಎನಿಸಬಾರದು.

ಈ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ದಾಖಲೆಯನ್ನು ಓದುವ ಹಕ್ಕಿನದು. ಅಮೆರಿಕ 1990ರಲ್ಲಿ ತನ್ನ ಶುದ್ಧ ಗಾಳಿ ಕಾಯ್ದೆಯನ್ನು ತಿದ್ದಿದಾಗಲೇ, ಹೊಗೆ ನಿಯಂತ್ರಣದ ದುರಸ್ತಿಗೆ ಬೇಕಾದ ಮಾಹಿತಿಯನ್ನು ಕಂಪನಿಗಳು ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕೆಂದು ಬರೆಯಿತು. ನಮ್ಮಲ್ಲಿ ಲೈಟು ಬಂತು, ಆ ಇನ್ನರ್ಧ ಬರಲು ತಡವಾಯಿತು. 16 ಪಿನ್ನಿನ ಸಾಕೆಟ್ಟಿನಿಂದ ಹೊಗೆಗೆ ಸಂಬಂಧಿಸಿದ ಸಾಮಾನ್ಯ ಕೋಡುಗಳನ್ನು ಅಗ್ಗದ ಸ್ಕ್ಯಾನರೂ ಓದುತ್ತದೆ. ಕಂಪನಿಯ ಖಾಸಗಿ ಕೋಡು, ವೈರಿಂಗ್ ನಕ್ಷೆ, ಹೊಸ ಇಂಜೆಕ್ಟರನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್ ಮಾತ್ರ ಅಧಿಕೃತ ಸರ್ವಿಸ್ ಸೆಂಟರಿನೊಳಗೇ ಉಳಿದವು. 2011ರಲ್ಲಿ ಸಲ್ಲಿಕೆಯಾದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕೆಂದು ಆದೇಶಿಸಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಎಂಬ ಷರತ್ತನ್ನೂ ತಡೆಯಿತು. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ತರಬೇತಿ ಇಲ್ಲದವರ ಕೈಗೆ ಉಪಕರಣ ಕೊಟ್ಟರೆ ಸುರಕ್ಷತೆಗೆ ಅಪಾಯ ಎಂಬುದು ಕಂಪನಿಗಳ ವಾದಗಳಲ್ಲಿ ಒಂದು. ಬ್ರೇಕು, ಏರ್‌ಬ್ಯಾಗ್‌ನಂಥ ಭಾಗಗಳ ವಿಷಯದಲ್ಲಿ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾಹಿತಿಯನ್ನು ಮುಚ್ಚಿಟ್ಟ ಮಾತ್ರಕ್ಕೆ ಗಾಡಿಗಳು ಸರ್ವಿಸ್ ಸೆಂಟರಿಗೇ ಹೋಗುವುದಿಲ್ಲ. ವಾರಂಟಿ ಮುಗಿದ ಹತ್ತು ವರ್ಷದ ಕಾರು ಡಾಬಸ್‌ಪೇಟೆಯ ರಸ್ತೆ ಬದಿಯಲ್ಲೇ ರಿಪೇರಿಯಾಗುತ್ತದೆ, ನಕ್ಷೆ ಇಲ್ಲದೆ, ಊಹೆಯ ಮೇಲೆ. ಅಪಾಯ ಹೆಚ್ಚಿಸುವುದು ನಕ್ಷೆಯ ಕೊರತೆಯೇ. ತರಬೇತಿ ಬೇಕೆಂಬುದು ಕಾಳಜಿಯಾದರೆ ಅದಕ್ಕೆ ಉತ್ತರ ತರಬೇತಿ ಕೊಡುವುದು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದಾಗ ಆಯ್ದುಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಅದು ಕನ್ನಡದಲ್ಲಿ ಓದಬಲ್ಲ ವೈರಿಂಗ್ ನಕ್ಷೆಗಳವರೆಗೆ ಬೆಳೆಯಬೇಕು, ತಾಲ್ಲೂಕು ಮಟ್ಟದ ಐಟಿಐಗಳವರೆಗೆ ತಲುಪಬೇಕು. ಸಮಯ ಬಹಳ ಇಲ್ಲ. 2020ರಿಂದ ಹೊಸ ಸ್ಕೂಟರು, ಬೈಕುಗಳಲ್ಲೂ ಇದೇ ಹಳದಿ ಲೈಟು ಕಡ್ಡಾಯವಾಗಿ ಬಂದಿದೆ, ಅಂದರೆ ಹಳ್ಳಿಯ ಟೂ-ವೀಲರ್ ಮೆಕ್ಯಾನಿಕ್ಕಿಗೂ ಬಂದು ಹೋಗುವ ದೋಷ ಈಗ ಕೋಡಿನ ರೂಪದಲ್ಲಿ ಬರುತ್ತಿದೆ. ಅದರಾಚೆ ವಿದ್ಯುತ್ ಕಾರುಗಳು ನಿಂತಿವೆ. ಸಾಮಾನ್ಯ ಸಾಕೆಟ್, ಸಾಮಾನ್ಯ ಕೋಡು ನಮಗೆ ಸಿಕ್ಕಿದ್ದು ಹೊಗೆಯ ಕಾನೂನಿನಿಂದ. ವಿದ್ಯುತ್ ಕಾರಿಗೆ ಹೊಗೆಯೇ ಇಲ್ಲ, ಆದ್ದರಿಂದ ಆ ಕಾನೂನಿನ ತಪಾಸಣೆಯ ನಿಯಮಗಳೂ ಅದಕ್ಕಿಲ್ಲ. ಬ್ಯಾಟರಿಯ ಯಾವುದೋ ಸೆಲ್ಲು ಬಿಸಿಲಿನಲ್ಲಿ ಮಾತ್ರ ತಪ್ಪಿ, ಸಂಜೆಗೆ ಸರಿಯಾದರೆ, ಆ ಕ್ಷಣದ ದಾಖಲೆ ಯಾವ ರೂಪದಲ್ಲಿರಬೇಕು, ಎಷ್ಟು ದಿನ ಉಳಿಯಬೇಕು, ಹೊಸಕೋಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಅದನ್ನು ಯಾವ ಉಪಕರಣದಿಂದ ಓದಬಹುದು ಎಂಬುದನ್ನು ಕಂಪನಿಗಳ ಇಷ್ಟಕ್ಕೆ ಬಿಡದೆ ಕಾನೂನೇ ಈಗ ಬರೆಯಬೇಕು.